ಅಂತರರಾಷ್ಟ್ರೀಯ ಮೊಬೈಲ್ ರೋಮಿಂಗ್

ಅಂತರರಾಷ್ಟ್ರೀಯ ಮೊಬೈಲ್ ರೋಮಿಂಗ್ ಎಂದರೆ ಒಂದು ದೇಶದಲ್ಲಿ ಪಡೆದ ಮೊಬೈಲ್ ಸಂಖ್ಯೆ ಹಾಗೂ ಸಿಮ್ ಅನ್ನು ಬದಲಾಯಿಸದೆ ಮತ್ತೊಂದು ದೇಶದ ಜಾಲದ ಮೂಲಕ ಕರೆ, ಎಸ್‌ಎಂಎಸ್ ಮತ್ತು ಡೇಟಾ ಸೇವೆಗಳನ್ನು ಬಳಸುವ ವ್ಯವಸ್ಥೆ. ಚಂದಾದಾರನಿಗೆ ಸಿಮ್ ನೀಡಿದ ಸಂಸ್ಥೆಯ ಜಾಲವನ್ನು ತವರು ಜಾಲವೆಂದೂ, ಅವನು ತಾತ್ಕಾಲಿಕವಾಗಿ ಸೇರಿಕೊಳ್ಳುವ ಪರದೇಶದ ಜಾಲವನ್ನು ಅತಿಥೇಯ ಜಾಲವೆಂದೂ ಕರೆಯಬಹುದು. ಈ ಎರಡು ಸಂಸ್ಥೆಗಳ ನಡುವೆ ವಾಣಿಜ್ಯ ಒಪ್ಪಂದವಿದ್ದರೆ ಮಾತ್ರ ಸೇವೆ ದೊರೆಯುತ್ತದೆ. ಜಿಎಸ್‌ಎಂ ತಂತ್ರಜ್ಞಾನದ ಮೊದಲ ಅಂತರರಾಷ್ಟ್ರೀಯ ರೋಮಿಂಗ್ ಒಪ್ಪಂದವು 1992ರಲ್ಲಿ ಫಿನ್‌ಲೆಂಡಿನ ಟೆಲಿಕಾಂ ಫಿನ್‌ಲೆಂಡ್ ಮತ್ತು ಬ್ರಿಟನ್ನಿನ ವೊಡಾಫೋನ್ ಸಂಸ್ಥೆಗಳ ನಡುವೆ ಏರ್ಪಟ್ಟಿತು.

ಹಜ್ ಹಾಗೂ ಉಮ್ರಾ ಯಾತ್ರಿಕರು, ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರು, ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳು, ವಿದೇಶದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಹಿರಿಯರು ಕರ್ನಾಟಕದಿಂದ ಹೊರಡುವ ಪ್ರಯಾಣಿಕರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇವರಿಗೆ ರೋಮಿಂಗ್ ಎಂಬುದು ಕರೆ ಮಾಡುವ ಅನುಕೂಲವಷ್ಟೇ ಅಲ್ಲ. ಬ್ಯಾಂಕಿನ ಒಟಿಪಿ, ಯುಪಿಐ, ಯಾತ್ರೆಯ ಪರವಾನಗಿ ಎಲ್ಲವೂ ಮೊಬೈಲ್ ಸಂಖ್ಯೆಗೆ ಅಥವಾ ಡೇಟಾಕ್ಕೆ ಜೋಡಣೆಯಾಗಿರುವುದರಿಂದ, ಪರದೇಶದಲ್ಲಿ ಸಿಮ್ ಸ್ತಬ್ಧವಾದರೆ ಹಣವೂ ಕೈಗೆಟುಕದ ಸ್ಥಿತಿ ಉಂಟಾಗುತ್ತದೆ.

ದೇಶದೊಳಗಿನ ರೋಮಿಂಗ್

ರೋಮಿಂಗ್ ಎಂಬ ಪದ ಭಾರತೀಯ ಬಳಕೆದಾರರಿಗೆ ಮೊದಲು ಪರಿಚಯವಾದದ್ದು ವಿದೇಶ ಪ್ರವಾಸದಿಂದಲ್ಲ, ರಾಜ್ಯದ ಗಡಿಯಿಂದ. ದೂರಸಂಪರ್ಕ ಪರವಾನಗಿಗಾಗಿ ದೇಶವನ್ನು 22 ಸೇವಾ ವಲಯಗಳಾಗಿ ವಿಂಗಡಿಸಲಾಗಿದ್ದು, ಜನಬಳಕೆಯಲ್ಲಿ ಇವುಗಳಿಗೆ ಸರ್ಕಲ್ ಎಂದೇ ಹೆಸರು. ಕರ್ನಾಟಕ ಒಂದು ಸರ್ಕಲ್. ಮುಂಬೈ ಹೊರತುಪಡಿಸಿದ ಮಹಾರಾಷ್ಟ್ರ ಮತ್ತು ಗೋವಾ ಇನ್ನೊಂದು. ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ ಹೊಂದಿಕೊಂಡಿದೆ. ಬಿಜ್ಜರಗಿಯಂತಹ ಊರುಗಳಿರುವ ಈ ಭಾಗದಲ್ಲಿ ಸಂತೆಗೋ ನೆಂಟರ ಮನೆಗೋ ಜತ್ತದ ಕಡೆ ಹೋದವರ ಫೋನು ಮಹಾರಾಷ್ಟ್ರದ ಗೋಪುರವನ್ನು ಹಿಡಿಯುತ್ತಿತ್ತು. ರೇಡಿಯೊ ತರಂಗಗಳು ಆಡಳಿತದ ಗಡಿಯನ್ನು ಗುರುತಿಸುವುದಿಲ್ಲವಾದ್ದರಿಂದ, ಗಡಿಗೆ ತೀರ ಸಮೀಪದ ಹೊಲದಲ್ಲಿ ನಿಂತವನಿಗೂ ಹಾಗಾಗುವ ಸಾಧ್ಯತೆಯಿತ್ತು. ಆಗ ಹೊರಹೋಗುವ ಕರೆಗೆ ಹೆಚ್ಚಿನ ದರ ಬೀಳುತ್ತಿದ್ದುದಲ್ಲದೆ ಒಳಬರುವ ಕರೆಗೂ ಹಣ ಕಡಿತವಾಗುತ್ತಿತ್ತು.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2015ರ ಮೇ 1ರಿಂದ ಈ ದರಗಳ ಗರಿಷ್ಠ ಮಿತಿಯನ್ನು ಇಳಿಸಿತು. ರೋಮಿಂಗ್‌ನಲ್ಲಿ ಸ್ಥಳೀಯ ಹೊರಕರೆಗೆ ನಿಮಿಷಕ್ಕೆ 80 ಪೈಸೆ, ಎಸ್‌ಟಿಡಿ ಕರೆಗೆ 1 ರೂಪಾಯಿ 15 ಪೈಸೆ ಮತ್ತು ಒಳಕರೆಗೆ 45 ಪೈಸೆ ನಿಗದಿಯಾಯಿತು. ಅದೇ ವರ್ಷದ ಜೂನ್ 15ರಿಂದ ಬಿಎಸ್‌ಎನ್‌ಎಲ್ ಒಳಕರೆಗಳನ್ನು ಉಚಿತಗೊಳಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಮಾರುಕಟ್ಟೆಗೆ ಬಂದ ಬಳಿಕ ಉಳಿದ ಖಾಸಗಿ ಸಂಸ್ಥೆಗಳೂ ದೇಶದೊಳಗಿನ ರೋಮಿಂಗ್ ಶುಲ್ಕವನ್ನು ಕೈಬಿಟ್ಟವು. ಹೀಗೆ ಜತ್ತದಲ್ಲಿ ಮುಗಿದ ಸಮಸ್ಯೆ ಜಿದ್ದಾದಲ್ಲಿ ಇಂದಿಗೂ ಉಳಿದುಕೊಂಡಿದೆ.

ಕಾರ್ಯವಿಧಾನ

ಪ್ರತಿ ಸಿಮ್‌ನಲ್ಲಿಯೂ ಐಎಂಎಸ್‌ಐ ಎಂಬ, ಸಾಮಾನ್ಯವಾಗಿ 15 ಅಂಕಿಗಳ, ಗುರುತಿನ ಸಂಖ್ಯೆಯಿರುತ್ತದೆ. ಇದು ಬಳಕೆದಾರನಿಗೆ ತಿಳಿದಿರುವ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಗಿಂತ ಬೇರೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ; ಭಾರತದ ಸಿಮ್‌ಗಳಲ್ಲಿ ಅವು 404 ಅಥವಾ 405. ವಿಜಯಪುರದ ಯಾತ್ರಿಕನೊಬ್ಬ ಜಿದ್ದಾ ವಿಮಾನ ನಿಲ್ದಾಣದಲ್ಲಿ ಫೋನ್ ತೆರೆದಾಗ ಸೌದಿ ಜಾಲವು ಈ ಅಂಕಿಗಳನ್ನು ಓದಿ, ಸಂದರ್ಶಕನ ತವರು ಸಂಸ್ಥೆ ಯಾವುದೆಂದು ಅರಿಯುತ್ತದೆ. ಬಳಿಕ ಭಾರತದಲ್ಲಿರುವ ಚಂದಾದಾರರ ದತ್ತಸಂಚಯವನ್ನು ವಿಚಾರಿಸುತ್ತದೆ. ಸಿಮ್ ನೈಜವಾದದ್ದೇ, ರೋಮಿಂಗ್‌ಗೆ ಅನುಮತಿಯಿದೆಯೇ ಎಂಬುದು ಖಚಿತವಾದ ಮೇಲೆ ನೋಂದಣಿ ಪೂರ್ಣಗೊಳ್ಳುತ್ತದೆ. ಈ ವ್ಯವಹಾರಕ್ಕೆ ಹಿಡಿಯುವುದು ಸಾಮಾನ್ಯವಾಗಿ ಕೆಲವೇ ಕ್ಷಣ. ವಿಮಾನದಿಂದ ಇಳಿದೊಡನೆ ಬರುವ ಸ್ವಾಗತದ ಎಸ್‌ಎಂಎಸ್ ಈ ನೋಂದಣಿಯ ಫಲ.

ಈಗ ಬಿಜ್ಜರಗಿಯಿಂದ ಮನೆಯವರು ಆತನ ಸಂಖ್ಯೆಗೆ ಕರೆ ಮಾಡಿದರೆ, ಕರೆ ಮೊದಲು ಭಾರತದ ತವರು ಜಾಲಕ್ಕೆ ತಲುಪಿ ಅಲ್ಲಿಂದ ಸೌದಿ ಅರೇಬಿಯಕ್ಕೆ ರವಾನೆಯಾಗುತ್ತದೆ. ಕರೆ ಮಾಡಿದವರಿಗೆ ಆತ ವಿದೇಶದಲ್ಲಿರುವುದು ಗೊತ್ತಿರಬೇಕೆಂದೇನೂ ಇಲ್ಲ. ಅವರ ಪಾಲಿಗೆ ಅದು ದೇಶದೊಳಗಿನ ಕರೆಯೇ. ಭಾರತದಿಂದ ಮುಂದಿನ ಅಂತರರಾಷ್ಟ್ರೀಯ ಹಾದಿಯ ವೆಚ್ಚವನ್ನು ಕರೆ ಸ್ವೀಕರಿಸಿದವನು ಭರಿಸಬೇಕು. ವಿದೇಶದಲ್ಲಿ ಒಳಕರೆಗೂ ಶುಲ್ಕ ಬೀಳುವುದು ಈ ಕಾರಣದಿಂದ. ಎಸ್‌ಎಂಎಸ್ ವಿಷಯ ಬೇರೆ: ಒಳಬರುವ ಸಂದೇಶಗಳಿಗೆ ಭಾರತೀಯ ಸಂಸ್ಥೆಗಳು ಸಾಮಾನ್ಯವಾಗಿ ಹಣ ಪಡೆಯುವುದಿಲ್ಲ.

ಡೇಟಾದ ಹಾದಿ ಇನ್ನೂ ಸುತ್ತುಬಳಸಿನದು. ಮೆಕ್ಕಾದಲ್ಲಿ ಕುಳಿತು ಭಾರತದ ಸಿಮ್‌ನಲ್ಲಿ ಒಂದು ಜಾಲಪುಟ ತೆರೆದರೆ ಆ ಕೋರಿಕೆ ಸೌದಿ ಜಾಲದಿಂದ ನೇರವಾಗಿ ಅಂತರಜಾಲಕ್ಕೆ ಹೋಗುವುದಿಲ್ಲ. ದೂರಸಂಪರ್ಕ ಸಂಸ್ಥೆಗಳ ನಡುವಿನ ಖಾಸಗಿ ಜಾಲದ ಮೂಲಕ ಅದು ಭಾರತದ ತವರು ಸಂಸ್ಥೆಯ ದ್ವಾರಕ್ಕೆ ಬಂದು, ಅಲ್ಲಿಂದ ಹೊರಜಗತ್ತಿಗೆ ಸಾಗುತ್ತದೆ. ಉತ್ತರವೂ ಅದೇ ದಾರಿಯಲ್ಲಿ ಮರಳುತ್ತದೆ. ಪಕ್ಕದ ಬೀದಿಯ ಹೋಟೆಲಿನ ಪುಟವನ್ನು ತೆರೆದರೂ ಮಾಹಿತಿ ಅರಬ್ಬೀ ಸಮುದ್ರವನ್ನು ದಾಟಿ ಬರಬೇಕು. ಇದರಿಂದ ವಿಳಂಬ ಹೆಚ್ಚುತ್ತದೆ, ವಿಶೇಷವಾಗಿ ವಿಡಿಯೊ ಕರೆಗಳಲ್ಲಿ. ಆದರೆ ಇದೇ ಸುತ್ತುದಾರಿಗೆ ಲಾಭವೂ ಇದೆ. ಜಾಲತಾಣಗಳಿಗೆ ಬಳಕೆದಾರ ಭಾರತದಲ್ಲಿಯೇ ಇರುವಂತೆ ತೋರುವುದರಿಂದ, ವಿದೇಶಿ ಐಪಿ ವಿಳಾಸಗಳನ್ನು ತಡೆಯುವ ಭಾರತೀಯ ತಾಣಗಳು ಎಂದಿನಂತೆ ತೆರೆದುಕೊಳ್ಳುತ್ತವೆ. ಸ್ಥಳೀಯ ಸಿಮ್‌ಗಳಲ್ಲಿ ಗೂಗಲ್, ವಾಟ್ಸಾಪ್‌ಗಳು ತೆರೆಯದ ಚೀನಾದಲ್ಲಿ ರೋಮಿಂಗ್ ಸಿಮ್‌ಗಳಲ್ಲಿ ಅವು ಸಾಮಾನ್ಯವಾಗಿ ಕೆಲಸ ಮಾಡುವುದಕ್ಕೂ ಇದೇ ಕಾರಣ.

ದರ ಮತ್ತು ಅನಿರೀಕ್ಷಿತ ಬಿಲ್ಲು

ಅತಿಥೇಯ ಸಂಸ್ಥೆಯು ಬಳಕೆಯ ವಿವರಗಳನ್ನು ನಿಗದಿತ ಕಡತ ರೂಪದಲ್ಲಿ ತವರು ಸಂಸ್ಥೆಗೆ ಕಳುಹಿಸಿ ಹಣ ವಸೂಲು ಮಾಡುತ್ತದೆ. ಎರಡು ಸಂಸ್ಥೆಗಳು ತಮ್ಮತಮ್ಮಲ್ಲಿ ಒಪ್ಪಿಕೊಂಡ ಈ ಸಗಟು ದರದ ಮೇಲೆ ತವರು ಸಂಸ್ಥೆ ತನ್ನ ಪಾಲನ್ನು ಸೇರಿಸುತ್ತದೆ. ಭಾರತದಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ದರವನ್ನು ಸಂಸ್ಥೆಗಳ ವಿವೇಚನೆಗೇ ಬಿಡಲಾಗಿದೆ. ಅನಿರೀಕ್ಷಿತ ಬಿಲ್ಲುಗಳ ವಿಷಯವನ್ನೂ ಒಳಗೊಂಡಂತೆ ಈ ಸೇವೆಯ ನಿಯಂತ್ರಣದ ಕುರಿತು ಟ್ರಾಯ್ 2020ರ ಮೇ ತಿಂಗಳಲ್ಲಿ ಸಮಾಲೋಚನಾ ಪತ್ರವನ್ನು ಹೊರಡಿಸಿತು.

ಐರೋಪ್ಯ ಒಕ್ಕೂಟ ಬೇರೆ ದಾರಿ ಹಿಡಿಯಿತು. ರೋಮಿಂಗ್ ಡೇಟಾದ ಬಿಲ್ಲು 50 ಯೂರೊ ತಲುಪಿದಾಗ, ಗ್ರಾಹಕ ಬೇರೆ ಮಿತಿಯನ್ನು ಆರಿಸಿಕೊಳ್ಳದಿದ್ದರೆ, ಸಂಪರ್ಕ ಕಡಿತಗೊಳ್ಳಬೇಕೆಂಬ ನಿಯಮ 2010ರ ಜುಲೈನಲ್ಲಿ ಬಂದಿತು. 2017ರ ಜೂನ್ 15ರಿಂದ ಒಕ್ಕೂಟದೊಳಗೆ ಪ್ರವಾಸಿಗಳು ತವರಿನ ದರದಲ್ಲಿಯೇ ಫೋನ್ ಬಳಸುವಂತಾಯಿತು. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಅಲ್ಲಿನ ಕೆಲವು ಸಂಸ್ಥೆಗಳು ಐರೋಪ್ಯ ರೋಮಿಂಗ್ ಶುಲ್ಕವನ್ನು ಮತ್ತೆ ಜಾರಿಗೆ ತಂದವು. ದರ ಇಳಿಯುವುದು ತಂತ್ರಜ್ಞಾನದಿಂದಲ್ಲ, ಕಾನೂನಿನಿಂದ ಅಥವಾ ಪೈಪೋಟಿಯಿಂದ ಎಂಬುದಕ್ಕೆ ಬ್ರಿಟನ್ ಮತ್ತು ಜತ್ತದ ಗಡಿ ಎರಡೂ ನಿದರ್ಶನ.

ಭಾರತೀಯ ಸಂಸ್ಥೆಗಳು ಒಂದು ದಿನ, ಹತ್ತು ದಿನ, ಒಂದು ತಿಂಗಳು ಹೀಗೆ ಅವಧಿಯಾಧಾರಿತ ಪ್ಯಾಕ್‌ಗಳನ್ನು ಮಾರುತ್ತವೆ. ಪ್ಯಾಕ್ ಇಲ್ಲದೆ ಡೇಟಾ ಬಳಸಿದರೆ ಎಂಬಿ ಲೆಕ್ಕದಲ್ಲಿ ದರ ಬೀಳುತ್ತದೆ. ಬಳಕೆದಾರ ಫೋನ್ ಮುಟ್ಟದಿದ್ದರೂ ಹಿನ್ನೆಲೆಯಲ್ಲಿ ಆ್ಯಪ್‌ಗಳು ನವೀಕರಣಗೊಳ್ಳುವುದು, ಚಿತ್ರಗಳು ಕ್ಲೌಡ್‌ಗೆ ಏರುವುದು, ವಾಟ್ಸಾಪ್ ಗುಂಪುಗಳ ವಿಡಿಯೊಗಳು ತಾವಾಗಿ ಇಳಿಯುವುದು ನಡೆದೇ ಇರುತ್ತದೆ. ಫೋನಿನಲ್ಲಿ ಡೇಟಾ ರೋಮಿಂಗ್ ಎಂಬ ಪ್ರತ್ಯೇಕ ಗುಂಡಿ ಇರುವುದು ಇದನ್ನು ತಡೆಯಲು. ಅದನ್ನು ಆರಿಸಿದರೂ ಕರೆ ಮತ್ತು ಎಸ್‌ಎಂಎಸ್ ಸೇವೆಗಳು ಮುಂದುವರಿಯುತ್ತವೆ. ಪ್ಯಾಕ್ ಕೊಳ್ಳುವಾಗ ಗಮನಿಸಬೇಕಾದದ್ದು ಅದು ಯಾವ ದೇಶಗಳಿಗೆ, ಯಾವ ಅತಿಥೇಯ ಜಾಲಗಳಿಗೆ ಅನ್ವಯಿಸುತ್ತದೆ ಎಂಬುದು. ನಡುದಾರಿಯಲ್ಲಿ ವಿಮಾನ ಬದಲಿಸುವ ದೇಶ ಅದರಲ್ಲಿ ಸೇರಿರಲೇಬೇಕೆಂದಿಲ್ಲ.

ಸ್ಥಳೀಯ ಸಿಮ್ ಮತ್ತು ಇ-ಸಿಮ್

ತಲುಪಿದ ದೇಶದಲ್ಲಿಯೇ ಸಿಮ್ ಕೊಳ್ಳುವುದು ಬಹುಮಟ್ಟಿಗೆ ಅಗ್ಗ. ಡೇಟಾ ಅಲ್ಲಿಂದಲೇ ನೇರವಾಗಿ ಅಂತರಜಾಲಕ್ಕೆ ಹೋಗುವುದರಿಂದ ವೇಗವೂ ಹೆಚ್ಚು. ಪಾಸ್‌ಪೋರ್ಟ್ ತೋರಿಸುವುದು ಅನೇಕ ದೇಶಗಳಲ್ಲಿ ಕಡ್ಡಾಯ. ಸೌದಿ ಅರೇಬಿಯದಲ್ಲಿ 2016ರಿಂದ ಬೆರಳಚ್ಚಿನ ನೋಂದಣಿಯೂ ಸೇರಿಕೊಂಡಿದೆ.

ಫೋನಿನೊಳಗೇ ಅಳವಡಿಸಿರುವ ಇ-ಸಿಮ್‌ನಲ್ಲಿ ಪ್ಲಾಸ್ಟಿಕ್ ಚೀಟಿಯ ಬದಲು ಸಂಸ್ಥೆಯ ವಿವರಗಳನ್ನು ಕ್ಯೂಆರ್ ಸಂಕೇತದ ಮೂಲಕ ಇಳಿಸಿಕೊಳ್ಳಲಾಗುತ್ತದೆ. ಜಿಎಸ್‌ಎಂಎ ಸಂಘಟನೆ ಗ್ರಾಹಕ ಸಾಧನಗಳಿಗಾಗಿ ಇದರ ಮಾನಕವನ್ನು 2016ರಲ್ಲಿ ಪ್ರಕಟಿಸಿತು. ಪ್ರವಾಸಿಗಳಿಗೆಂದು ಮಾರಾಟವಾಗುವ ಇ-ಸಿಮ್‌ಗಳಲ್ಲಿ ಹಲವು ವಾಸ್ತವವಾಗಿ ಮೂರನೆಯ ದೇಶವೊಂದರ ಸಂಸ್ಥೆಯ ರೋಮಿಂಗ್ ಸಿಮ್‌ಗಳೇ. ಹೀಗಾಗಿ ದುಬೈನಲ್ಲಿರುವ ಬಳಕೆದಾರ ಯುರೋಪಿನಲ್ಲಿಯೋ ಸಿಂಗಪುರದಲ್ಲಿಯೋ ಇರುವಂತೆ ಜಾಲತಾಣಗಳಿಗೆ ಕಾಣಬಹುದು. ಬಹಳಷ್ಟು ಪ್ರವಾಸಿ ಇ-ಸಿಮ್‌ಗಳು ಡೇಟಾ ಮಾತ್ರ ನೀಡುತ್ತವೆ, ಕರೆ ಸ್ವೀಕರಿಸುವ ಸಂಖ್ಯೆ ಅವುಗಳಲ್ಲಿರುವುದಿಲ್ಲ. ವಿದೇಶಿ ಸಂಸ್ಥೆಗಳ ಸಿಮ್‌ಗಳನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಅಗತ್ಯ. ಈ ಪತ್ರವಿಲ್ಲದ ಕಾರಣಕ್ಕೆ ಏರಾಲೊ ಮತ್ತು ಹೊಲಾಫ್ಲೈ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಭಾರತದ ಆ್ಯಪ್ ಅಂಗಡಿಗಳಿಂದ ತೆಗೆಯಿಸಲಾಯಿತು.

ಭಾರತದ ಸಂಖ್ಯೆಯನ್ನು ಉಳಿಸಿಕೊಳ್ಳುವುದು

ಅಗ್ಗದ ಡೇಟಾಕ್ಕಾಗಿ ಭಾರತದ ಸಿಮ್ ಅನ್ನು ಹೊರತೆಗೆದು ಪೆಟ್ಟಿಗೆಯಲ್ಲಿಡುವುದು ಪ್ರಯಾಣಿಕರು ಮಾಡುವ ಸಾಮಾನ್ಯ ತಪ್ಪು. ಒಟಿಪಿ ಎಸ್‌ಎಂಎಸ್ ಮೂಲಕ ಬರುವ ಖಾತೆಗಳಲ್ಲಿ ಡೇಟಾ ಎಷ್ಟಿದ್ದರೂ ಅದು ಪ್ರಯೋಜನಕ್ಕೆ ಬಾರದು; ತವರು ಸಿಮ್ ಯಾವುದಾದರೂ ಅತಿಥೇಯ ಜಾಲದಲ್ಲಿ ನೋಂದಣಿಯಾಗಿರಬೇಕು. ಯುಪಿಐ ಆ್ಯಪ್ ಅನ್ನು ಹೊಸ ಫೋನಿನಲ್ಲಿ ಸ್ಥಾಪಿಸುವಾಗ ನೋಂದಾಯಿತ ಸಂಖ್ಯೆಯಿಂದ ಎಸ್‌ಎಂಎಸ್ ಹೊರಹೋಗಬೇಕಾಗುತ್ತದೆ. ಪರದೇಶದಲ್ಲಿ ಫೋನ್ ಕಳೆದುಕೊಂಡವರಿಗೆ ಇದು ದೊಡ್ಡ ತೊಡಕು, ಏಕೆಂದರೆ ಸಿಮ್‌ನ ಬದಲಿ ಪ್ರತಿಯನ್ನು ಪಡೆಯಲು ಭಾರತದಲ್ಲಿರುವ ಮಳಿಗೆಗೆ ಖುದ್ದಾಗಿ ಹೋಗಬೇಕಾಗಿ ಬರುವುದುಂಟು.

ಎರಡು ಸಿಮ್ ಹಿಡಿಸುವ ಫೋನು ಈ ಇಕ್ಕಟ್ಟನ್ನು ಬಹಳ ಮಟ್ಟಿಗೆ ಬಿಡಿಸಿದೆ. ಭಾರತದ ಸಿಮ್‌ನಲ್ಲಿ ಡೇಟಾ ರೋಮಿಂಗ್ ಆರಿಸಿ ಅದನ್ನು ಎಸ್‌ಎಂಎಸ್‌ಗೆ ಮಾತ್ರ ಇಟ್ಟುಕೊಂಡು, ಎರಡನೆಯ ಸಿಮ್ ಅಥವಾ ಇ-ಸಿಮ್‌ನಿಂದ ಡೇಟಾ ಬಳಸುವುದು ಇದರ ಕ್ರಮ. ವಾಟ್ಸಾಪ್ ಖಾತೆ ಹಳೆಯ ಭಾರತೀಯ ಸಂಖ್ಯೆಯಲ್ಲಿಯೇ ಮುಂದುವರಿಯಬಹುದು. ಆದರೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಭಾರತ ಬಿಡುವ ಮೊದಲೇ ಸಕ್ರಿಯಗೊಳಿಸಿಕೊಳ್ಳುವುದು ಕ್ಷೇಮ. ಸಕ್ರಿಯಗೊಳಿಸಲು ಒಟಿಪಿ ಬೇಕು, ಒಟಿಪಿ ಬರಲು ರೋಮಿಂಗ್ ಸಕ್ರಿಯವಾಗಿರಬೇಕು ಎಂಬ ಬಲೆಯಲ್ಲಿ ಸಿಲುಕುವವರು ಕಡಿಮೆಯೇನಲ್ಲ.

ದೀರ್ಘಕಾಲ ಹೊರಗಿರುವವರಿಗೆ ಬೇರೊಂದು ಅಪಾಯವಿದೆ. ಟ್ರಾಯ್‌ನ 2013ರ ನಿಯಮದ ಪ್ರಕಾರ ಪ್ರೀಪೇಯ್ಡ್ ಸಂಖ್ಯೆಯನ್ನು ಕನಿಷ್ಠ 90 ದಿನಗಳ ಕಾಲ ಯಾವುದೇ ಬಳಕೆಯಿಲ್ಲದ ಹೊರತು ರದ್ದುಗೊಳಿಸುವಂತಿಲ್ಲ. ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚಿನ ಮೊತ್ತವಿದ್ದರೆ ಸಂಖ್ಯೆಯನ್ನು ಉಳಿಸಿಕೊಳ್ಳುವ ಅವಕಾಶವೂ ಇದೆ. ಇದನ್ನು ಮೀರಿ ರದ್ದಾದ ಸಂಖ್ಯೆ ಕಾಲಕ್ರಮದಲ್ಲಿ ಬೇರೊಬ್ಬರಿಗೆ ಹಂಚಿಕೆಯಾಗುತ್ತದೆ. ಬ್ಯಾಂಕಿನಲ್ಲಿ ಅದನ್ನು ಬದಲಾಯಿಸದಿದ್ದರೆ ಖಾತೆಯ ಸಂದೇಶಗಳು ಅಪರಿಚಿತರ ಕೈ ಸೇರುತ್ತವೆ. ಅನಿವಾಸಿ ಭಾರತೀಯರು ಎನ್‌ಆರ್‌ಇ ಮತ್ತು ಎನ್‌ಆರ್‌ಒ ಖಾತೆಗಳಿಗೆ ವಿದೇಶಿ ಸಂಖ್ಯೆಯಿಂದಲೇ ಯುಪಿಐ ಬಳಸಲು 2023ರ ಜನವರಿಯಲ್ಲಿ ಅವಕಾಶ ದೊರೆಯಿತು. ಸಿಂಗಪುರ, ಅಮೆರಿಕ, ಸೌದಿ ಅರೇಬಿಯ, ಯುಎಇ, ಒಮಾನ್, ಕತಾರ್ ಸೇರಿ ಹತ್ತು ದೇಶಗಳ ಸಂಖ್ಯೆಗಳಿಗೆ ಅದು ಮೊದಲು ಅನ್ವಯವಾಯಿತು.

ದೇಶವಾರು ವ್ಯತ್ಯಾಸಗಳು

ಯುಎಇಯಲ್ಲಿ ವಾಟ್ಸಾಪ್‌ನ ಸಂದೇಶಗಳಿಗೆ ಅಡ್ಡಿಯಿಲ್ಲದಿದ್ದರೂ ಅದರ ಧ್ವನಿ ಮತ್ತು ವಿಡಿಯೊ ಕರೆಗಳನ್ನು ಸ್ಥಳೀಯ ಜಾಲಗಳಲ್ಲಿ ನಿರ್ಬಂಧಿಸಲಾಗಿದೆ. ಅಲ್ಲಿರುವ ಕನ್ನಡಿಗರು ಊರಿಗೆ ಮಾತನಾಡಲು ಪರವಾನಗಿ ಪಡೆದ ಬೊಟಿಮ್‌ನಂತಹ ಆ್ಯಪ್‌ಗಳನ್ನು ಬಳಸುತ್ತಾರೆ. ಸೌದಿ ಅರೇಬಿಯ ಇಂಥ ಕರೆಗಳ ಮೇಲಿನ ನಿಷೇಧವನ್ನು 2017ರ ಸೆಪ್ಟೆಂಬರ್‌ನಲ್ಲಿ ಸಡಿಲಿಸಿತು. ಅಲ್ಲಿ ಯಾತ್ರಿಕರಿಗೆ ಡೇಟಾ ಈಗ ಸೌಕರ್ಯಕ್ಕಿಂತ ಹೆಚ್ಚಿನದು: ಮದೀನಾದ ರೌಜಾ ಪ್ರವೇಶದ ಅನುಮತಿಯನ್ನು ನುಸುಕ್ ಆ್ಯಪ್ ಮೂಲಕ ಪಡೆಯಬೇಕಾಗುತ್ತದೆ. ಹಜ್ ಯಾತ್ರಿಕರಿಗೆ ನೆರವಾಗಲು ಭಾರತ ಸರ್ಕಾರ 2024ರ ಮಾರ್ಚ್‌ನಲ್ಲಿ ಹಜ್ ಸುವಿಧಾ ಆ್ಯಪ್ ಅನ್ನು ಬಿಡುಗಡೆ ಮಾಡಿತು. ಫೋನ್ ಬಳಕೆ ತಿಳಿಯದ ಹಿರಿಯರು ಜೊತೆಗಿರುವ ಕಿರಿಯರನ್ನು ಅವಲಂಬಿಸುವುದು ಅನಿವಾರ್ಯ.

ಅಮೆರಿಕದಲ್ಲಿ ಪ್ರಮುಖ ಸಂಸ್ಥೆಗಳು 2022ರಲ್ಲಿ 3ಜಿ ಜಾಲವನ್ನು ಮುಚ್ಚಿದವು. ಸಿಂಗಪುರ 2017ರಲ್ಲಿ 2ಜಿಯನ್ನು, ಆಸ್ಟ್ರೇಲಿಯ 2024ರಲ್ಲಿ 3ಜಿಯನ್ನು ನಿಲ್ಲಿಸಿತು. ಭಾರತದಲ್ಲಿ ಇಂದಿಗೂ ನಡೆಯುವ ಕೀಲಿಮಣೆಯ 2ಜಿ ಫೋನು ಈ ದೇಶಗಳಲ್ಲಿ ನಿರುಪಯೋಗಿ. 4ಜಿ ಫೋನಿನಲ್ಲಿಯೂ ವೋಲ್ಟಿ ರೋಮಿಂಗ್‌ಗೆ ಒಪ್ಪಂದವಿಲ್ಲದಿದ್ದರೆ ಡೇಟಾ ದೊರೆತರೂ ಸಾಮಾನ್ಯ ಕರೆ ಸಾಧ್ಯವಾಗದಿರಬಹುದು.

ದೇಶದೊಳಗೂ ಒಂದು ವಿನಾಯಿತಿಯಿದೆ. ಭದ್ರತೆಯ ಕಾರಣದಿಂದ ಹೊರರಾಜ್ಯಗಳ ಪ್ರೀಪೇಯ್ಡ್ ಸಂಪರ್ಕಗಳಿಗೆ ಜಮ್ಮು ಮತ್ತು ಕಾಶ್ಮೀರದಲ್ಲಿ ರೋಮಿಂಗ್ ಸೇವೆ ನೀಡದಿರುವುದು ಬಹುಕಾಲದ ಪದ್ಧತಿ. ಅಮರನಾಥ, ವೈಷ್ಣೋದೇವಿ ಯಾತ್ರೆಗೆ ಹೊರಡುವ ಕರ್ನಾಟಕದವರು ಪೋಸ್ಟ್‌ಪೇಯ್ಡ್ ಸಂಖ್ಯೆಯನ್ನು ಜೊತೆಗೊಯ್ಯುವುದು ಇದಕ್ಕಾಗಿ.

ಹಡಗು ಮತ್ತು ವಿಮಾನಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಕಿರುಜಾಲಗಳು ಯಾವ ದೇಶಕ್ಕೂ ಸೇರಿದವಲ್ಲ. ಭೂಮಿಯ ಮೇಲಿನ ದೇಶಗಳಿಗೆ ಕೊಂಡ ಪ್ಯಾಕ್ ಅಲ್ಲಿ ಸಾಮಾನ್ಯವಾಗಿ ಅನ್ವಯಿಸದು, ದರವೂ ಅತಿ ಹೆಚ್ಚು. ಭಾರತದ ವಾಯುಪ್ರದೇಶ ಮತ್ತು ಜಲಪ್ರದೇಶದಲ್ಲಿ ಈ ಸೇವೆಗೆ 2018ರ ಡಿಸೆಂಬರ್‌ನ ನಿಯಮಗಳು ಅವಕಾಶ ಕಲ್ಪಿಸಿದವು. ವಿಮಾನದಲ್ಲಿ ಏರೋಪ್ಲೇನ್ ಮೋಡ್ ಹಾಕದೆ ನಿದ್ದೆಹೋದ ಪ್ರಯಾಣಿಕನ ಫೋನು ಇಂಥ ಜಾಲಕ್ಕೆ ತಾನಾಗಿ ಸೇರಿಕೊಳ್ಳಬಹುದು.