ಮೇಲೇರಿದ ಸಮಯ, ಇಳಿದ ಸಮಯ: ಜೆಫ್ರಿ ವೆಲ್ಲಮ್ ಅವರ ಯುದ್ಧಕಥನದ ಆಕರಮೌಲ್ಯ

ಎರಡನೆಯ ಮಹಾಯುದ್ಧದ ವಾಯುಸಮರವನ್ನು ಆಸ್ಥೆಯಿಂದ ಓದುವ ವಿಮಾನಾಸಕ್ತರಿಗೆ ಒಂದೇ ಒಂದು ಪೈಲಟ್ ಆತ್ಮಕಥನವನ್ನು ಸೂಚಿಸುವುದಾದರೆ ನಾನು ಜೆಫ್ರಿ ವೆಲ್ಲಮ್ ಅವರ ‘ಫಸ್ಟ್ ಲೈಟ್’ ಕೃತಿಯನ್ನೇ ಸೂಚಿಸುತ್ತೇನೆ. ಇದಕ್ಕೆ ಆಕ್ಷೇಪಗಳು ಬರಬಹುದು. ಐದು ವಿಮಾನಗಳನ್ನು ಹೊಡೆದುರುಳಿಸಿದವರಿಗೆ ಸಲ್ಲುವ ‘ಏಸ್’ ಎಂಬ ಬಿರುದು ವೆಲ್ಲಮ್ ಅವರಿಗಿಲ್ಲ. ಪುಸ್ತಕ ಪ್ರಕಟವಾದದ್ದು 2002ರಲ್ಲಿ, ಘಟನೆಗಳು ನಡೆದು ಅರವತ್ತು ವರ್ಷಗಳಾದ ಮೇಲೆ. ಇಷ್ಟು ತಡವಾಗಿ ಅಚ್ಚಾದ ನೆನಪನ್ನು ಆಕರವೆಂದು ಒಪ್ಪಬಹುದೇ? ಒಪ್ಪಬಹುದು. ಆದರೆ ಅದು ಯಾವ ಸಂಗತಿಗೆ ಆಕರ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ವೆಲ್ಲಮ್ ಹುಟ್ಟಿದ್ದು 1921ರ ಆಗಸ್ಟ್ 4ರಂದು. ಶಾಲೆ ಬಿಟ್ಟ ಬೆನ್ನಿಗೇ ಬ್ರಿಟನ್ನಿನ ವಾಯುಪಡೆ ಸೇರಿದರು. ಟೈಗರ್ ಮಾತ್‌ನಲ್ಲಿ, ಬಳಿಕ ಹಾರ್ವರ್ಡ್‌ನಲ್ಲಿ ಹಾರಾಟ ಕಲಿತು 1940ರ ಮೇ ತಿಂಗಳಲ್ಲಿ 92ನೇ ಸ್ಕ್ವಾಡ್ರನ್ನಿಗೆ ಬಂದಾಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅಲ್ಲಿಯವರೆಗೆ ಸ್ಪಿಟ್‌ಫೈರ್ ಹಾರಿಸಿದವರೂ ಅಲ್ಲ. ಸ್ಕ್ವಾಡ್ರನ್ನಿನ ಮುಖ್ಯಸ್ಥ ರೋಜರ್ ಬುಶೆಲ್ ಮೇ 23ರಂದು ಜರ್ಮನರ ಸೆರೆಯಾದರು. 1944ರಲ್ಲಿ ಯುದ್ಧಕೈದಿಗಳ ಶಿಬಿರದಿಂದ ಸುರಂಗ ತೋಡಿ ನಡೆದ ಪಲಾಯನದ ಸೂತ್ರಧಾರರೂ ಇವರೇ. ತಂಡ ವೇಲ್ಸ್‌ನ ಪೆಂಬ್ರಿಯಲ್ಲಿ ಬೇಸಿಗೆ ಕಳೆದು ಸೆಪ್ಟೆಂಬರ್ 8ರಂದು ಲಂಡನ್ನಿನ ದಕ್ಷಿಣಕ್ಕಿರುವ ಬಿಗಿನ್ ಹಿಲ್ ನೆಲೆಗೆ ಬಂತು. ಪುಸ್ತಕದ ತಿರುಳು ಅಲ್ಲಿಂದ ಮುಂದಿನದು.

ಈ ತಿಂಗಳುಗಳಿಗೆ ಸಮಕಾಲೀನ ದಾಖಲೆಗಳಿವೆ. ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಏರ್ 27’ ಎಂಬ ಶ್ರೇಣಿಯಲ್ಲಿ ಸ್ಕ್ವಾಡ್ರನ್ನುಗಳ ಕಾರ್ಯಾಚರಣೆ ಪುಸ್ತಕಗಳೂ ‘ಏರ್ 50’ರಲ್ಲಿ ಪೈಲಟ್‌ಗಳ ಕಾದಾಟದ ವರದಿಗಳೂ ಇವೆ. ಕಾರ್ಯಾಚರಣೆ ಪುಸ್ತಕದ 541ನೇ ನಮೂನೆಯ ಹಾಳೆಯಲ್ಲಿ ಅಡ್ಡಸಾಲಿಗೆ ಒಂದು ಹಾರಾಟ: ದಿನಾಂಕ, ವಿಮಾನದ ಸಂಖ್ಯೆ, ಪೈಲಟ್ ಹೆಸರು, ಕೆಲಸ, ಮೇಲೇರಿದ ಸಮಯ, ಇಳಿದ ಸಮಯ, ಕೊನೆಯಲ್ಲಿ ಒಂದೆರಡು ವಾಕ್ಯದ ವಿವರ. ಯಾರು ಎಂದು ಹಾರಿದರು ಎಂಬ ಪ್ರಶ್ನೆಗೆ ಈ ಹಾಳೆಯ ಮುಂದೆ ಯಾವ ಆತ್ಮಕಥನವೂ ನಿಲ್ಲಲಾರದು.

ಹಾಗೆಂದು ಅಂದಿನ ದಾಖಲೆಯೆಲ್ಲ ಸತ್ಯವೆಂದೂ ತಿಳಿಯಬೇಕಿಲ್ಲ. 1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನಗಳನ್ನು ಉರುಳಿಸಿದ್ದಾಗಿ ಬ್ರಿಟನ್ ಸಾರಿತು; ಜರ್ಮನರು ನಿಜವಾಗಿ ಕಳೆದುಕೊಂಡದ್ದು ಅರವತ್ತರ ಆಸುಪಾಸು. ಇದರಲ್ಲಿ ಪೈಲಟ್‌ಗಳ ಮೋಸವನ್ನು ಹುಡುಕುವುದು ಅನ್ಯಾಯ. ಸ್ಪಿಟ್‌ಫೈರ್‌ನ ಎಂಟು ಬಂದೂಕುಗಳಲ್ಲಿ ತಲಾ 300 ಗುಂಡುಗಳಿದ್ದವು, ಎಡೆಬಿಡದೆ ಹಾರಿಸಿದರೆ ಹದಿನೈದು ಸೆಕೆಂಡಿನಲ್ಲಿ ಮುಗಿಯುವಷ್ಟು. ಒಂದೇ ಬಾಂಬರ್‌ಗೆ ಮೂವರು ಬೇರೆ ಬೇರೆ ಕಡೆಯಿಂದ ಹೊಡೆದು, ಹೊಗೆ ಕಂಡೊಡನೆ ತಮ್ಮ ಬೆನ್ನ ಹಿಂದೆ ಯಾರಿದ್ದಾರೋ ಎಂದು ಹೊರಳಿಕೊಂಡರೆ, ಇಳಿದ ಮೇಲೆ ಮೂವರೂ ಪ್ರಾಮಾಣಿಕವಾಗಿಯೇ ತಲಾ ಒಂದೊಂದನ್ನು ಬರೆಸುತ್ತಿದ್ದರು. ಎಷ್ಟು ಉರುಳಿಸಿದರು ಎಂಬ ಲೆಕ್ಕದಿಂದಲೇ ಪುಸ್ತಕವನ್ನು ಆರಿಸಿಕೊಳ್ಳುವ ನಮ್ಮ ರೂಢಿಗೆ ಬುನಾದಿ ಎಷ್ಟು ಸಡಿಲ ಎಂಬುದು ಇದರಿಂದ ತಿಳಿಯುತ್ತದೆ.

ವೆಲ್ಲಮ್ ಅವರ ಪುಸ್ತಕದ ಬಲವಿರುವುದು 541ನೇ ನಮೂನೆಯಲ್ಲಿ ಅಂಕಣವೇ ಇಲ್ಲದ ಕಡೆ: ಮೇಲೇರುವ ಮೊದಲಿನ ಮತ್ತು ಇಳಿದ ನಂತರದ ನೆಲದ ಹೊತ್ತುಗಳಲ್ಲಿ. ವಿಮಾನಗಳ ಪಕ್ಕದ ಕಾಯುವ ಕೋಣೆಯಲ್ಲಿ ಬೆಳಕು ಹರಿಯುವ ಮುನ್ನ ಬಂದು ಕೂತವರ ಕಿವಿಯೆಲ್ಲ ಟೆಲಿಫೋನಿನ ಮೇಲೆ. ಅದು ರಿಂಗಣಿಸಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ, ಕರೆ ತೀರ ಸಾಮಾನ್ಯ ವಿಚಾರಕ್ಕೆಂದು ಗೊತ್ತಾದ ಮೇಲೂ ಆ ಕಂಪನ ಇಳಿಯಲು ಎಷ್ಟು ಹೊತ್ತು ಬೇಕು, ಸಂಜೆ ಊಟದ ಮೇಜಿನಲ್ಲಿ ಖಾಲಿಯಾದ ಕುರ್ಚಿಯ ಬಗ್ಗೆ ಯಾರೂ ಮಾತೆತ್ತದೆ ಹೇಗೆ ದಿನ ಸಾಗುತ್ತದೆ ಎಂಬುದನ್ನು ಅವರು ಬಿಡಿಸಿ ಬರೆಯುತ್ತಾರೆ. ಸ್ಪಿಟ್‌ಫೈರ್ ಅನ್ನು ಮೊದಲ ಬಾರಿ ಏರಿದ ಪುಟಗಳೂ ತಾಂತ್ರಿಕ ಆಸಕ್ತಿಯವರಿಗೆ ರುಚಿಸುತ್ತವೆ. ನೆಲದ ಮೇಲಿದ್ದಾಗ ಆ ವಿಮಾನದ ಉದ್ದ ಮೂತಿ ಮುಂದಿನ ದಾರಿಯನ್ನು ಮರೆಮಾಡುವುದರಿಂದ ಎಡಕ್ಕೆ ಬಲಕ್ಕೆ ಹೊರಳಿಸುತ್ತಲೇ ಸಾಗಬೇಕು. ತಡಮಾಡಿದರೆ ಎಂಜಿನ್ನಿನ ಶೀತಕ ದ್ರವ ಕುದಿಯತೊಡಗುತ್ತದೆ. ಹೊಸಬನ ಗಾಬರಿಗೆ ಯಂತ್ರದ ಈ ಅವಸರವೂ ಸೇರಿಕೊಳ್ಳುತ್ತದೆ.

ಕಥನವೆಲ್ಲ ವರ್ತಮಾನ ಕಾಲದಲ್ಲಿದೆ. ಇಲ್ಲಿ ಸಂಶೋಧಕ ಎಚ್ಚರ ತಪ್ಪಬಾರದು. ಕಾಕ್‌ಪಿಟ್‌ನ ಮಾತುಕತೆ ಪದಶಃ ನೆನಪಿನಲ್ಲಿ ಉಳಿಯುವಂಥದ್ದಲ್ಲ. ಅದನ್ನು ಹಿರಿಯ ಲೇಖಕನ ಪುನರ್ರಚನೆಯೆಂದೇ ಓದಬೇಕು. ಮೈಯಲ್ಲಿ ಕೂತ ದಣಿವಿನ ನೆನಪು ಬೇರೆ ಬಗೆಯದು. ಅದಕ್ಕೆ ತಾರೀಖು ಬೇಕಿಲ್ಲ.

ಈ ದಣಿವೇ ಪುಸ್ತಕದ ನಿಜವಾದ ಕಥೆ. 1941ರಲ್ಲಿ ಶೌರ್ಯಪದಕ ಬಂತು. ಅದೇ ವರ್ಷ ವಿಶ್ರಾಂತಿಯ ಹೆಸರಿನಲ್ಲಿ ತರಬೇತುದಾರನ ಕೆಲಸಕ್ಕೆ ಕಳಿಸಿದರು. ಇಪ್ಪತ್ತರ ಹುಡುಗನಿಗೆ ಅದು ತನ್ನನ್ನು ಹೊರದಬ್ಬಿದಂತೆ ಕಂಡಿತು. ಮತ್ತೆ 65ನೇ ಸ್ಕ್ವಾಡ್ರನ್ನಿನಲ್ಲಿ ಮುಂಚೂಣಿಗೆ ಮರಳಿ, 1942ರ ಆಗಸ್ಟ್‌ನಲ್ಲಿ ಫ್ಯೂರಿಯಸ್ ಎಂಬ ವಿಮಾನವಾಹಕ ನೌಕೆಯ ಮೇಲಿಂದ ಸ್ಪಿಟ್‌ಫೈರ್‌ಗಳ ತಂಡವೊಂದನ್ನು ಮಾಲ್ಟಾ ದ್ವೀಪಕ್ಕೆ ಮುಟ್ಟಿಸಿದರು. ಮಾಲ್ಟಾದಲ್ಲಿ ದೇಹ ಕೈಕೊಟ್ಟಿತು: ತೀವ್ರ ಸೈನಸ್ ಬೇನೆ, ಅದರೊಡನೆ ಪೂರ್ತಿ ಬಳಲಿಕೆ. ಆಗ ವಯಸ್ಸು ಇಪ್ಪತ್ತೊಂದು. ಹಾರಲು ಹಿಂಜರಿದವರಿಗೆ ‘ಮನೋಸ್ಥೈರ್ಯದ ಕೊರತೆ’ ಎಂಬ ಹಣೆಪಟ್ಟಿ ಅಂಟಿಸುತ್ತಿದ್ದ ವಾಯುಪಡೆ ಅದು. ವೆಲ್ಲಮ್ ಅವರಿಗೆ ಆ ಕಳಂಕ ತಟ್ಟಲಿಲ್ಲ. ಟೈಫೂನ್ ವಿಮಾನಗಳ ಪರೀಕ್ಷಾ ಪೈಲಟ್ ಆಗಿ ದುಡಿದು, 1961ರವರೆಗೂ ಸೇವೆಯಲ್ಲಿದ್ದರು. ಆದರೂ ಆ ಹಣೆಪಟ್ಟಿಗೂ ನಿಜವಾದ ಸವೆತಕ್ಕೂ ನಡುವಿನ ಗೆರೆ ಎಷ್ಟು ತೆಳುವಾಗಿತ್ತೆಂದು ಈ ಕೊನೆಯ ಅಧ್ಯಾಯಗಳಷ್ಟು ಸ್ಪಷ್ಟವಾಗಿ ತೋರುವ ಕೃತಿಯನ್ನು ನಾನು ಓದಿಲ್ಲ. ರಿಚರ್ಡ್ ಹಿಲರಿ ಅವರ 1942ರ ‘ದಿ ಲಾಸ್ಟ್ ಎನಿಮಿ’ ಸಾಹಿತ್ಯವಾಗಿ ಹೆಚ್ಚು ಎತ್ತರದ್ದಿರಬಹುದು, ಆದರೆ ಅದು ಯುದ್ಧದ ನಡುವೆಯೇ ಬರೆದದ್ದು.

ದಾಖಲೆಯ ಮೌನವನ್ನು ಬದುಕುಳಿದವರ ಸಾಕ್ಷ್ಯ ತುಂಬಿದ ಉದಾಹರಣೆ ನಮ್ಮಲ್ಲೂ ಇದೆ. ಕೊಡಗಿನ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಮರಳಲಿಲ್ಲ. ತನಗಿಂತ ವೇಗದ ಸ್ಟಾರ್‌ಫೈಟರ್ ಅನ್ನು ಅವರು ಎದುರಿಸಿ ಉರುಳಿಸಿದ ಸಂಗತಿ ಬೆಳಕಿಗೆ ಬಂದದ್ದು ಜಾನ್ ಫ್ರಿಕರ್ ಅವರ 1979ರ ಪುಸ್ತಕದಿಂದ. ಪಾಕಿಸ್ತಾನದ ಆ ಪೈಲಟ್ ಹೊರಜಿಗಿದು ಬದುಕಿದ್ದರು. ಮರಣೋತ್ತರ ಮಹಾವೀರ ಚಕ್ರ ಬರಲು 1988 ಆಗಬೇಕಾಯಿತು.

‘ಫಸ್ಟ್ ಲೈಟ್’ ಕೈಗೆತ್ತಿಕೊಳ್ಳುವವರಿಗೆ ಒಂದು ಸಲಹೆ. 92ನೇ ಸ್ಕ್ವಾಡ್ರನ್ನಿನ ಇನ್ನಿಬ್ಬರೂ ಬರೆದಿದ್ದಾರೆ: ಟೋನಿ ಬಾರ್ಟ್ಲಿ ಅವರ ‘ಸ್ಮೋಕ್ ಟ್ರೇಲ್ಸ್ ಇನ್ ದ ಸ್ಕೈ’ 1984ರಲ್ಲಿ, ಬ್ರಯಾನ್ ಕಿಂಗ್‌ಕಮ್ ಅವರ ‘ಎ ವಿಲಿಂಗ್‌ನೆಸ್ ಟು ಡೈ’ 1999ರಲ್ಲಿ, ಅವರು ತೀರಿಕೊಂಡ ನಂತರ ಬಂತು. ಮೂರನ್ನೂ ಕಾರ್ಯಾಚರಣೆ ಪುಸ್ತಕದ ಜೊತೆ ಎದುರುಬದುರು ಇಟ್ಟು ಓದುವುದಾದರೆ 1940ರ ಅಕ್ಟೋಬರ್ 15ರಿಂದ ಮೊದಲಾಗಬಹುದು. ಅಂದು ಕಿಂಗ್‌ಕಮ್ ಗುಂಡೇಟು ತಿಂದು ಪ್ಯಾರಾಚೂಟಿನಲ್ಲಿ ಇಳಿದರು. ಹೊಡೆದದ್ದು ಜರ್ಮನ್ ವಿಮಾನವೋ ಹಿಂದಿದ್ದ ಸ್ಪಿಟ್‌ಫೈರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.