ಅರಳು ಮರಳಿಗೆ ಹೆಸರು ಬಂದ ಕಥಿ

ಹೋದ ಶುಕ್ರವಾರ ಅರಿಶಿಣ ಕುಂಕುಮಕ್ಕ ಬಂದವರೆಲ್ಲಾ ನನಗ ಒಂದ ಪ್ರಶ್ನಿ ಕೇಳಿದ್ರಿ. "ನಿಮ್ಮ ತಂಗಿ ಮಗಳು ಪಿಎಚ್.ಡಿ. ಮುಗಿಸಿ ಎರಡ ವರ್ಷ ಆತು, ಇನ್ನೂ ಏನ ಓದತಾಳ?" ಅಕಿ ಓದತಿಲ್ರೀ, ಪೋಸ್ಟ್‌ಡಾಕ್ ಮಾಡತಾಳ. ಅಂದ್ರ ಪಿಎಚ್.ಡಿ. ಆದ ಮ್ಯಾಲೆ, ತನ್ನದ ಒಂದು ಕಾಯಂ ಜಾಗಾ ಸಿಗೋತನಕಾ, ದೊಡ್ಡವರ ಲ್ಯಾಬಿನೊಳಗ ಮಾಡೋ ಸಂಶೋಧನಾ. ಅಕಿ ವಿಷಯ, ಮಿದುಳಿನೊಳಗ ಪ್ರೋಟೀನು ಗಂಟಗಟ್ಟೋದು. "ಪ್ರೋಟೀನು ಗಂಟ ಕಟ್ಟಿದ್ರ ನಮಗೇನಾಗೋದದ?" ಅಂತ ವೈನಿ ನಕ್ಕರು. ಅವತ್ತ ನಾನೂ ನಕ್ಕು ಸುಮ್ಮನಾದೆ. ಖರೆ ಅಂದ್ರ ಅದರ ಉತ್ತರ ನಮ್ಮ ಮನ್ಯಾಗ ಕೂತಿತ್ತು.

ನಮ್ಮ ಅಜ್ಜಿನ್ನ ನೀವು ಭಾಳ ಮಂದಿ ನೋಡೀರಿ. ಕಡೀ ನಾಕು ವರ್ಷ ಅಕಿ ದಿನಾ ಸಂಜಿಮುಂದ ಎರಡ ಸೀರಿ ಗಂಟ ಕಟಗೊಂಡು ಬಾಗಲದಾಗ ಕೂಡತಿದ್ಲು. "ನಮ್ಮ ಮನಿಗೆ ಕಳಸ್ರವಾ" ಅಂತಿದ್ಲು. ಐವತ್ತ ವರ್ಷ ಸಂಸಾರ ಮಾಡಿದ ಮನಿ ಅದು. "ಅರವತ್ತಕ್ಕ ಅರಳು ಮರಳು" ಅಂತ ನಾವೆಲ್ಲಾ ಒಂದ ಮಾತಿನ್ಯಾಗ ಮುಗಿಸಿಬಿಟ್ವಿ.

ಈ ಅರಳು ಮರಳಿಗೆ ಒಂದು ಇತಿಹಾಸ ಅದ. ಅದು ಶುರುವಾಗೋದು ಜರ್ಮನಿಯ ಫ್ರಾಂಕ್‌ಫರ್ಟಿನ್ಯಾಗ, 1901ರ ನವೆಂಬರ್ 25ಕ್ಕ. ಆಗುಸ್ಟೆ ಡೇಟರ್ ಅನ್ನೋ 51 ವರ್ಷದ ಹೆಣ್ಣಮಗಳನ್ನ ಅಲ್ಲಿಯ ಮಾನಸಿಕ ಆಸ್ಪತ್ರಿಗೆ ಸೇರಿಸಿದ್ರು. ಗಂಡ ರೈಲ್ವೆದಾಗ ಗುಮಾಸ್ತ. ಮೊದಲ ಗಂಡನ ಮ್ಯಾಲೆ ಸಂಶಯ ಶುರುವಾತು, ಆಮ್ಯಾಲೆ ಅಡಗಿ ಕೆಡಲಿಕ್ಕೆ ಹತ್ತಿತು, ಸಾಮಾನೆಲ್ಲಾ ಮುಚ್ಚಿಡಲಿಕ್ಕೆ ಹತ್ತಿದಳು. ಅಕಿನ್ನ ನೋಡಿದ ಡಾಕ್ಟರ್ ಅಲೊಯಿಸ್ ಆಲ್ಝೈಮರ್, 37 ವರ್ಷದವ.

ಆಂವ ಅಕಿ ಮುಂದ ಕೂತು ಒಂದೊಂದ ಪ್ರಶ್ನಿ ಕೇಳಿ, ಅಕಿ ಹೇಳಿದ್ದನ್ನ ಹಂಗ ಬರಕೊಂಡ. ಹೆಸರೇನು? ಆಗುಸ್ಟೆ. ಮನೆತನದ ಹೆಸರು? ಆಗುಸ್ಟೆ. ಗಂಡನ ಹೆಸರು? ಸ್ವಲ್ಪ ತಡದು, ಆಗುಸ್ಟೆ ಇರಬೇಕು ಅಂದ್ಲು. ಮಧ್ಯಾಹ್ನ ಊಟದಾಗ ಹೂಕೋಸು ತಿನ್ನಲಿಕ್ಕೆ ಹತ್ತಿದ್ಲು. ಏನ ತಿನ್ನಾಕತ್ತೀ ಅಂದ್ರ ಪಾಲಕ ಅಂದ್ಲು. ಹೆಸರು ಬರಿ ಅಂದ್ರ "ಶ್ರೀಮತಿ" ಅಂತಷ್ಟ ಬರದು ಮುಂದಿಂದು ಮರತ್ಲು. ತನ್ನನ್ನ ತಾನ ಕಳಕೊಂಡೇನಿ ಅಂತನೂ ಅಂದ್ಲು. ಇದನ್ನ ಓದಿದಾಗ ನನಗ ಬಾಗಲದಾಗಿನ ಗಂಟ ನೆನಪಾತು.

ಆಗುಸ್ಟೆ ತೀರಿಕೊಂಡದ್ದು 1906ರ ಏಪ್ರಿಲ್ 8ಕ್ಕ. ಅಷ್ಟೊತ್ತಿಗೆ ಆಲ್ಝೈಮರ್ ಮ್ಯೂನಿಕ್‌ಗೆ ಹೋಗಿದ್ದ. ಅಕಿ ಮಿದುಳು ಅಲ್ಲಿಗೆ ತರಿಸಿಕೊಂಡು, ಬೆಳ್ಳಿ ಲವಣದ ಬಣ್ಣಾ ಹಾಕಿ ಸೂಕ್ಷ್ಮದರ್ಶಕದೊಳಗ ನೋಡಿದ. ನರಕೋಶಗಳ ನಡುವ ಕಲೆ ಹಂಗ ಗಂಟುಗಳು, ಕೋಶಗಳ ಒಳಗ ಸಿಕ್ಕಾದ ನೂಲಿನ ಎಳಿಗಳು. ಅದ ವರ್ಷ ನವೆಂಬರ್ 3ಕ್ಕ ಟ್ಯೂಬಿಂಗೆನ್ ಊರಿನ ಸಭಾದಾಗ ಹೇಳಿದ. ಕೇಳಿದವರ್ಯಾರೂ ಒಂದ ಪ್ರಶ್ನಿ ಸುದ್ಧಾ ಕೇಳಲಿಲ್ಲ. 1910ರಾಗ ಅವನ ಹಿರಿಯ ಎಮಿಲ್ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಾಗ ಇದಕ್ಕ "ಆಲ್ಝೈಮರ್ ರೋಗ" ಅಂತ ಹೆಸರಿಟ್ಟ.

ಇಲ್ಲೇ ಒಂದು ತಪ್ಪಾತು. ಆಗುಸ್ಟೆಗೆ 51 ವರ್ಷ ಇತ್ತಲ್ಲ, ಹಂಗಾಗಿ ಇದು ನಡುವಯಸ್ಸಿನವರ ಅಪರೂಪದ ರೋಗ ಅಂತ ತಿಳಕೊಂಡ್ರು. ಮುದುಕರು ಮರತರ ಅದು ವಯಸ್ಸಿನ ಗುಣ. ಅಂದ್ರ ಯುರೋಪಿನ ಪುಸ್ತಕನೂ ನಮ್ಮ ಗಾದಿನೂ ಒಂದ ಮಾತ ಹೇಳತಿದ್ವು! 1968ರಾಗ ಇಂಗ್ಲೆಂಡಿನ ನ್ಯೂಕ್ಯಾಸಲ್‌ದಾಗ ಬ್ಲೆಸೆಡ್, ಟಾಮ್ಲಿನ್‌ಸನ್, ರಾತ್ ಮೂವರೂ ಸೇರಿ, ಮರವು ಹತ್ತಿ ತೀರಿಹೋದ ವೃದ್ಧರ ಮಿದುಳು ಪರೀಕ್ಷಾ ಮಾಡಿ, ಅವರೊಳಗೂ ಅವ ಗಂಟು ಇದ್ದದ್ದು ತೋರಿಸಿದ್ರು. 1976ರಾಗ ಅಮೆರಿಕಾದ ರಾಬರ್ಟ್ ಕಾಟ್ಜ್‌ಮನ್, ಎರಡೂ ಒಂದ ರೋಗ, ಅಪರೂಪದ್ದಂತೂ ಅಲ್ಲ ಅಂತ ಬರದ್ರು.

ಆ ಗಂಟಿನೊಳಗ ಏನದ ಅನ್ನೋದು ತಿಳೀಲಿಕ್ಕೆ 1984 ಬರಬೇಕಾತು. ಗ್ಲೆನ್ನರ್ ಮತ್ತ ವಾಂಗ್ ಅನ್ನೋರು ಬೀಟಾ ಅಮೈಲಾಯ್ಡ್ ಅನ್ನೋ ಪ್ರೋಟೀನಿನ ತುಣಕನ್ನ ಬ್ಯಾರೆ ಮಾಡಿದ್ರು. ಕೋಶದೊಳಗಿನ ಎಳಿ ಟಾವ್ ಅನ್ನೋ ಇನ್ನೊಂದು ಪ್ರೋಟೀನು. ಪಾರ್ಕಿನ್‌ಸನ್ ರೋಗದ ಗಂಟನ್ನ ಫ್ರಿಟ್ಜ್ ಲೇವಿ ನೋಡಿದ್ದು 1912ರಾಗ; ಅದರೊಳಗ ಆಲ್ಫಾ ಸೈನೂಕ್ಲಿನ್ ಅದ ಅಂತ ಮರಿಯಾ ಗ್ರಾಜಿಯಾ ಸ್ಪಿಲಾಂಟೀನಿ ಅನ್ನೋ ಹೆಣ್ಣಮಗಳು ಮತ್ತ ಅಕಿ ಜೋಡಿದಾರರು ತೋರಿಸಿದ್ದು 1997ರಾಗ. ನೋಡೋದಕ್ಕೂ ತಿಳಿಯೋದಕ್ಕೂ ನಡುವ 85 ವರ್ಷ!

ಪ್ರೋಟೀನು ಅಂದ್ರ ಒಂದು ಉದ್ದ ಎಳಿ. ಸೀರಿ ಇದ್ದಂಗ, ನಿರಿಗಿ ಸರಿ ಬಿದ್ದರಷ್ಟ ಉಪಯೋಗ. ನಿರಿಗಿ ತಪ್ಪಿದ ಪ್ರೋಟೀನು ಒಂದಕ್ಕೊಂದು ಅಂಟತದ. ಅಷ್ಟ ಅಲ್ಲ, ಹಾಲಿಗೆ ಹೆಪ್ಪ ಹಾಕಿಧಂಗ, ಕೆಟ್ಟದ್ದೊಂದು ಬಾಜೂದ್ದನ್ನೂ ಕೆಡಸತದ. ಹೆಪ್ಪಿನೊಳಗ ಜೀವಾಣು ಇರತದ. ಇಲ್ಲೆ ಜೀವಾಣು ಬೇಕಾಗಿಲ್ಲ, ಪ್ರೋಟೀನ ಸಾಕು. 1982ರಾಗ ಸ್ಟಾನ್ಲಿ ಪ್ರೂಸಿನರ್ ಅಂಥಾದ್ದಕ್ಕ ಪ್ರಿಯಾನ್ ಅಂತ ಹೆಸರಿಟ್ಟಾಗ ಭಾಳ ಮಂದಿ ನಂಬಲಿಲ್ಲ. 1997ರಾಗ ನೋಬೆಲ್ ಬಂತು. ಹಂಗಂತ ಅಂಜಬ್ಯಾಡ್ರಿ. ಆಲ್ಝೈಮರ್ ಆದವರಿಗೆ ಉಣಿಸಿ, ಎರೆದು, ಬಾಜೂಕ ಮಲಗಿದ್ರ ನಮಗ ಹತ್ತೂದಿಲ್ಲ.

ಗಂಟು ತಗದ್ರ ರೋಗ ಹೋಗತದೇನು? 2023ರಾಗ ಅಮೆರಿಕಾದಾಗ ಪೂರಾ ಒಪ್ಪಿಗಿ ಸಿಕ್ಕ ಲೆಕಾನೆಮ್ಯಾಬ್ ಔಷಧ ಗಂಟು ಕರಗಸತದ. ಆದ್ರ 18 ತಿಂಗಳ ಪ್ರಯೋಗದಾಗ ರೋಗದ ಓಟ ಶೇಕಡಾ 27ರಷ್ಟು ನಿಧಾನ ಆತು, ನಿಲ್ಲಲಿಲ್ಲ. ಕೆಲವರಿಗೆ ಮಿದುಳಿನ್ಯಾಗ ಬಾವು, ರಕ್ತಸ್ರಾವನೂ ಆತು. ಹಂಗಾರ ಕಣ್ಣಿಗೆ ಕಾಣೋ ದೊಡ್ಡ ಗಂಟ ಕಳ್ಳನೋ, ಕಳ್ಳ ಬಂದುಹೋದ ಗುರ್ತೋ? ಗಂಟಾಗೋಕಿಂತ ಮೊದಲಿನ ಸಣ್ಣ ಸಣ್ಣ ಗುಂಪುಗಳ ಹೆಚ್ಚು ಘಾತ ಮಾಡತಾವೇನು? ನಮ್ಮ ಹುಡುಗಿ ಹಗಲೂ ರಾತ್ರಿ ಹುಡುಕೋದು ಇದನ್ನ. ಇನ್ನ ಮ್ಯಾಲೆ "ಇನ್ನೂ ಓದತಾಳೇನು" ಅಂತ ಅಕಿನ್ನ ಕೇಳಬ್ಯಾಡ್ರಿ.

ಒಮ್ಮೆ ನಾನು ಅಜ್ಜಿಗೆ ಜೋರ ಮಾಡಿದ್ದೆ. "ಇದ ನಿನ್ನ ಮನಿ, ಎಷ್ಟ ಸಲಾ ಹೇಳಬೇಕು?" ಅಕಿ ಗಂಟ ಬಿಚ್ಚಿ, ಸೀರಿ ಮಡಚಿ ಒಳಗಿಟ್ಟು ಬಂದು, "ತಪ್ಪಾತವಾ" ಅಂದಿದ್ಲು. ಮರುದಿನ ಸಂಜಿಗೆ ಮತ್ತ ಬಾಗಲದಾಗ ಕೂತ್ಲು. ಆ ಡಾಕ್ಟರ್ ಹಂಗ ನಾನೂ ಅಕಿ ಬಾಜೂಕ ಕೂತು, ಯಾವ ಮನಿ, ಅಲ್ಲೆ ಯಾರ ಅದಾರ ಅಂತ ಕೇಳಬಹುದಿತ್ತು.

ನಿಮ್ಮ ಮನ್ಯಾಗ ಯಾರರ ಹಿಂಗ ಮಾಡಲಿಕ್ಕೆ ಹತ್ತಿದ್ರ ಗಾದಿ ಹೇಳಿ ಮುಗಸಬ್ಯಾಡ್ರಿ, ಡಾಕ್ಟರಿಗೆ ತೋರಿಸ್ರಿ. ಬಿ12 ಕಡಿಮಿ ಆದ್ರೂ, ಥೈರಾಯ್ಡ್ ಏರುಪೇರಾದ್ರೂ ಮರವು ಬರತದ, ಅದಕ್ಕ ಔಷಧ ಅದ. ಅದಲ್ಲ, ಇದ ರೋಗ ಅಂತ ಗೊತ್ತಾದ್ರೂ, ಬೈಯೋದರ ತಪ್ಪತದ.