ಹೆಸರು ಕಳೆದುಕೊಂಡಿದ್ದ ಒಂದು ಕಡಲಜೀವಿ

ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ನೀವು ಹೈಡ್ರಾ ನೋಡಿರಬಹುದು. ಕಡಲಿನಲ್ಲಿರುವ ಅದರ ಬಂಧುಗಳೇ ಹೈಡ್ರಾಯ್ಡ್‌ಗಳು. ಇವುಗಳಲ್ಲಿ ಹಲವಕ್ಕೆ ಎರಡು ರೂಪ: ಬಂಡೆಗೋ ಹಡಗಿನ ತಳಕ್ಕೋ ಅಂಟಿಕೊಂಡು ಕವಲೊಡೆಯುವ ಪಾಲಿಪ್, ಅದರಿಂದ ಕಳಚಿಕೊಂಡು ತೇಲಿಹೋಗುವ ಪುಟ್ಟ ಲೋಳೆಮೀನು, ಅಂದರೆ ಮೆಡೂಸಾ.

ಅಮೆರಿಕದ ಚಾರ್ಲ್ಸ್‌ಟನ್ ಬಂದರಿನಲ್ಲಿ ಸಿಕ್ಕ ಇಂಥದೊಂದು ಮೆಡೂಸಾಕ್ಕೆ 1857ರಲ್ಲಿ ಜಾನ್ ಮೆಕ್ರೇಡಿ 'ಟರಿಟಾಪ್ಸಿಸ್ ನ್ಯೂಟ್ರಿಕ್ಯುಲಾ' ಎಂದು ಹೆಸರಿಟ್ಟರು. ನ್ಯೂಟ್ರಿಕ್ಯುಲಾ ಎಂದರೆ ದಾದಿ. ಅದರ ಗಂಟೆಯಾಕಾರದ ಒಡಲಲ್ಲಿ ಮರಿಗಳಿದ್ದವು. ತಾಯಿ ಸಾಕುತ್ತಿದ್ದಾಳೆಂದು ಅವರು ಭಾವಿಸಿದ್ದರು. ಅವು ಕ್ಯುನೈನಾ ಎಂಬ ಬೇರೆಯೇ ಜೀವಿಯ ಮರಿಗಳು, ಬಿಟ್ಟಿ ಊಟಕ್ಕೆ ಸೇರಿಕೊಂಡಿದ್ದವು! ತಪ್ಪನ್ನು ಮೆಕ್ರೇಡಿಯವರೇ ತಿದ್ದಿಕೊಂಡರು, ಹೆಸರು ಮಾತ್ರ ಹಾಗೆಯೇ ಉಳಿಯಿತು.

1883ರಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಮೆಡಿಟರೇನಿಯನ್ ಸಮುದ್ರದ ಇನ್ನೊಂದು ಪ್ರಭೇದವನ್ನು ವರ್ಣಿಸಿ, ನೇಪಲ್ಸಿನ ಪ್ರಾಣಿಶಾಸ್ತ್ರ ಕೇಂದ್ರದ ಸ್ಥಾಪಕ ಆಂಟನ್ ಡೋರ್ನ್ ಅವರ ಗೌರವಾರ್ಥ 'ಡೋರ್ನಿ' ಎಂದು ಕರೆದರು. ಆದರೆ ಮುಂದಿನವರಿಗೆ ಇವೆಲ್ಲ ಒಂದೇ ಅನ್ನಿಸಿ, ಡೋರ್ನಿಯನ್ನೂ ನ್ಯೂಟ್ರಿಕ್ಯುಲಾದೊಳಗೆ ಸೇರಿಸಿಬಿಟ್ಟರು. ನಮ್ಮ ವೃತ್ತಿಯಲ್ಲಿ ತಪ್ಪು ಚೀಟಿ ಅಂಟಿಸಿದ ಟೇಪು ಕಳೆದುಹೋದ ಟೇಪಿಗೆ ಸಮ. ಇಲ್ಲೂ ಹಾಗೇ ಆಯಿತು.

1996ರಲ್ಲಿ ಸ್ಟೆಫಾನೊ ಪಿರೈನೊ ಮತ್ತು ಸಂಗಡಿಗರು ಇಟಲಿಯಿಂದ ಒಂದು ಸೋಜಿಗ ವರದಿ ಮಾಡಿದರು. ಹಸಿವು, ಗಾಯಗಳಿಂದ ಕಂಗೆಟ್ಟ ಮೆಡೂಸಾ ಸಾಯುವ ಬದಲು ಮುದುಡಿ ಮತ್ತೆ ಪಾಲಿಪ್ ಆಗುತ್ತದೆ! ಕೋಳಿ ತಿರುಗಿ ಮೊಟ್ಟೆಯಾದಂತೆ. 'ಸಾವಿಲ್ಲದ ಲೋಳೆಮೀನು' ಎಂದು ಪತ್ರಿಕೆಗಳು ಕೊಂಡಾಡಿದವು (ಮೀನು ನುಂಗಿದರೆ ಸಾವು ಇದ್ದೇ ಇದೆ). ಕೀರ್ತಿ ಹೋದದ್ದು ನ್ಯೂಟ್ರಿಕ್ಯುಲಾಕ್ಕೆ. ಪೀಟರ್ ಶುಕರ್ಟ್ 2004ರಲ್ಲಿ ಪ್ರಭೇದಗಳನ್ನು ಮತ್ತೆ ಬಿಡಿಸಿಟ್ಟ ಮೇಲೆಯೇ ಮೆಡಿಟರೇನಿಯನ್ನಿನ ಈ ಜೀವಿಗೆ ಡೋರ್ನಿ ಎಂಬ ಹೆಸರು ಮರಳಿ ಬಂತು.

ಹೆಸರು ಸರಿಯಾದ ಮೇಲೆ ಅದರ ಸಂಚಾರವೂ ಬಯಲಾಯಿತು. 2009ರಲ್ಲಿ ಮರಿಯಾ ಪಿಯಾ ಮಿಲಿಯೆಟ್ಟಾ, ಹರಿಲಾವೋಸ್ ಲೆಸ್ಸಿಯೋಸ್ ಪನಾಮ, ಇಟಲಿ, ಜಪಾನುಗಳ ಮಾದರಿಗಳ ಡಿಎನ್‌ಎ ಹೋಲಿಸಿದರು. ಪನಾಮದ ಮೆಡೂಸಾಕ್ಕೆ 8 ಕರಬಳ್ಳಿಗಳು. ತಂಪು ಕಡಲಿನವಕ್ಕೆ 14ರಿಂದ 24, ಇನ್ನೂ ಹೆಚ್ಚೂ ಇರಬಹುದು. ನೋಡಿದವರು ಬೇರೆ ಬೇರೆ ಎನ್ನಬೇಕು. ಆದರೆ ಹೋಲಿಸಿದ ಮೈಟೊಕಾಂಡ್ರಿಯದ ತುಣುಕು ದೂರದೂರದ ಈ ಕಡಲುಗಳಲ್ಲೂ ಅಕ್ಷರಶಃ ಒಂದೇ! ಅರ್ಧ ಸೆಂಟಿಮೀಟರೂ ಇಲ್ಲದ ಪ್ರಾಣಿ ಸಾಗರಗಳನ್ನು ಈಜಿ ದಾಟಿತೇ? ಹಡಗುಗಳು ಸಮತೋಲಕ್ಕೆಂದು ಒಂದು ಬಂದರಿನಲ್ಲಿ ನೀರು ತುಂಬಿಕೊಂಡು ಇನ್ನೊಂದರಲ್ಲಿ ಸುರಿಯುತ್ತವೆ. ಅದರಲ್ಲೇ ಬಂದಿರಬೇಕು ಎಂಬುದು ಅವರ ಊಹೆ. ತೊಟ್ಟಿಯ ಕತ್ತಲಲ್ಲಿ ಆಹಾರ ಮುಗಿದರೆ ಪಾಲಿಪ್ ಆಗಿ ಕಾದು ಕೂರಬಲ್ಲ ಪ್ರಯಾಣಿಕನಿಗೆ ಇದೇನು ಕಷ್ಟ?

ಇಂಥ ನೀರನ್ನು ಶುದ್ಧೀಕರಿಸಿಯೇ ಹೊರಬಿಡಬೇಕೆನ್ನುವ ಅಂತರರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಅಷ್ಟರಲ್ಲಿ ಡೋರ್ನಿ ಪನಾಮ ತಲುಪಿಯಾಗಿತ್ತು.